ಕೆಂಪು ನಲ್ಲಿ, ನೀಲಿ ನಲ್ಲಿ

ಮುದುಕರನ್ನು ಕಂಡ ಕೂಡಲೇ ಜನ ಮಂಡಿನೋವಿನ ಬಗ್ಗೆ ಕೇಳುತ್ತಾರೆ. ಸ್ವಲ್ಪ ಸಲಿಗೆ ಇದ್ದವರು ಶುಗರ್ ಎಷ್ಟು, ಬಿಪಿ ಎಷ್ಟು ಅನ್ನುತ್ತಾರೆ. ಬೆಳಗಿನ ಹನ್ನೊಂದು ಗಂಟೆ ಹೇಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ಮುಪ್ಪಿನ ಮುಖ್ಯ ಕಾಯಿಲೆ ಅದೇ. ತಿಂಡಿ ಮುಗಿದಿರುತ್ತದೆ, ಊಟಕ್ಕೆ ಇನ್ನೂ ಹೊತ್ತಿರುತ್ತದೆ, ಫೋನಿಗೆ ಬಂದ ಗುಡ್ ಮಾರ್ನಿಂಗುಗಳಿಗೆಲ್ಲ ಗುಡ್ ಮಾರ್ನಿಂಗ್ ಹೇಳಿ ಆಗಿರುತ್ತದೆ. ಮಂಗಳೂರಿನಲ್ಲಾದರೆ ಆ ಹೊತ್ತಿಗೆ ಮೀನಿನವಳು ಬರುತ್ತಿದ್ದಳು. ನಾನು ಮೀನು ತಿನ್ನುವುದನ್ನು ಬಿಟ್ಟ ಮೇಲೂ ಬರುತ್ತಿದ್ದಳು, ಸುಮ್ಮನೆ ಜಗಳ ಆಡಲಿಕ್ಕೆ. ಇಲ್ಲಿ ಮಸ್ಕತ್ತಿನ ದಾರ್ಸೈಟಿನಲ್ಲಿ, ಮಗಳ ಮನೆಯ ಮೂರನೆಯ ಮಹಡಿಯಲ್ಲಿ, ಹನ್ನೊಂದು ಗಂಟೆಗೆ ಮಾತಾಡುವುದು ಏಸಿ ಒಂದೇ. ಅದೂ ಒಂದೇ ವಿಷಯ.

ಅವರು ಹೋದ ಮೇಲೆ ನಾನು ಇಲ್ಲಿಗೆ ಬಂದದ್ದು. ಅವರು ಎಂದರೆ ನನ್ನ ಯಜಮಾನರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ತಪ್ಪು ಹುಡುಕುವುದನ್ನು ಒಂದು ಫುಲ್ ಟೈಮ್ ಉದ್ಯೋಗದ ಹಾಗೆ ಮಾಡಿಕೊಂಡು ಬಂದವರು. ಸಾರಿಗೆ ಉಪ್ಪು ಕಮ್ಮಿ, ಗಡಿಯಾರ ಐದು ನಿಮಿಷ ಮುಂದೆ, ‘ಕ್ವೀನ್’ ಎನ್ನುವಾಗ ನೀನು ತುಟಿಯನ್ನು ಅಷ್ಟು ಚೂಪು ಮಾಡಬೇಕಾಗಿಲ್ಲ. ಒಳ್ಳೆಯ ಮನುಷ್ಯ, ಆದರೆ ಸುಮ್ಮನೆ ಇರಲಾರದವರು. ಇಲ್ಲಿ ಅದಕ್ಕೆ ತದ್ವಿರುದ್ಧ. ಮಗಳು ಸುಜಾತ ಅಲ್ ಖುವೈರಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾಳೆ, ಅಳಿಯ ಸೊಹಾರಿನ ಕಾರ್ಖಾನೆಯಲ್ಲಿದ್ದು ವಾರದ ಕೊನೆಗೆ ಮನೆಗೆ ಬರುತ್ತಾರೆ. ಇಬ್ಬರೂ ನನ್ನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆಂದರೆ ನಾನು ಏನು ಮಾಡಿದರೂ ತಪ್ಪಾಗುವುದಿಲ್ಲ. ಒಮ್ಮೆ ಚಹಾಕ್ಕೆ ಸಕ್ಕರೆಯ ಬದಲು ರವೆ ಹಾಕಿಬಿಟ್ಟೆ. ಅಳಿಯ ಒಂದು ಗುಟುಕು ಕುಡಿದು, ಕಪ್ಪಿನೊಳಗೆ ಸ್ವಲ್ಪ ಹೊತ್ತು ನೋಡಿ, “ಇರಲಿ ಅತ್ತೆ, ಚೆನ್ನಾಗಿ ಉಂಟು” ಅಂದರು. ಪೂರ್ತಿ ಕುಡಿದೂ ಬಿಟ್ಟರು. ಆ ದಿನ ನಾನು ರೂಮಿಗೆ ಹೋಗಿ ಬಹಳ ಹೊತ್ತು ಕೂತಿದ್ದೆ. ಮನುಷ್ಯರು ನಮ್ಮ ತಪ್ಪು ತಿದ್ದುವುದನ್ನು ಬಿಟ್ಟರೆಂದರೆ ನಾವು ಅವರ ಲೆಕ್ಕದಲ್ಲಿ ಇಲ್ಲ ಅಂತಲೋ, ದೇವರ ಲೆಕ್ಕಕ್ಕೆ ಸೇರಿದ್ದೇವೆ ಅಂತಲೋ, ಎರಡರಲ್ಲಿ ಒಂದು.

ಈ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ಮೊಮ್ಮಗಳು ಆದ್ಯಾ, ಏಳು ವರ್ಷ. ನಮ್ಮದು ತುಳು ಮಾತಾಡುವ ಮನೆ. ನನ್ನ ಜೊತೆ ಕನ್ನಡವೂ ಆಗಬಹುದು. ಆದ್ಯಾ ಎರಡನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಜೂನ್ ಬಂದು ಅವಳ ಸ್ಕೂಲಿಗೆ ರಜೆ ಶುರುವಾದಾಗ ನಾನು ಗುಟ್ಟಾಗಿ ಸಂತೋಷಪಟ್ಟೆ. ನಮ್ಮ ಬಿಲ್ಡಿಂಗಿನ ಅರ್ಧದಷ್ಟು ಸಂಸಾರಗಳು ಊರಿಗೆ ಹೋಗಿಬಿಟ್ಟಿದ್ದವು. ಎದುರು ಮನೆಯ ನಸೀಮಾ ಕೂಡ ಮಕ್ಕಳನ್ನು ಕಟ್ಟಿಕೊಂಡು ಉಳ್ಳಾಲಕ್ಕೆ ಹೋಗಿದ್ದಳು. ಸುಜಾತಳಿಗೆ ಈ ಸಲ ಲೀವ್ ಸಿಕ್ಕಿರಲಿಲ್ಲ. ಹೊರಗೆ ಕಾಲಿಟ್ಟರೆ ಚಪ್ಪಲಿ ಡಾಂಬರಿಗೆ ಅಂಟುವ ಬಿಸಿಲು. ಇನ್ನು ಎರಡು ತಿಂಗಳು ನನಗೆ ಅವಳು, ಅವಳಿಗೆ ನಾನು ಎಂದು ಲೆಕ್ಕ ಹಾಕಿದ್ದೆ. ನಡುವೆ ಐಪ್ಯಾಡ್ ಎಂಬ ಮೂರನೆಯ ವ್ಯಕ್ತಿ ಇರುವುದನ್ನು ಮರೆತಿದ್ದೆ.

ಸುಜಾತ ಮರೆತಿರಲಿಲ್ಲ. “ಅಮ್ಮ, ಅವಳನ್ನು ಸಮ್ಮರ್ ಕ್ಯಾಂಪಿಗೆ ಹಾಕ್ತೇನೆ. ಬೆಳಿಗ್ಗೆ ವ್ಯಾನ್ ಬರ್ತದೆ, ಮೂರು ಗಂಟೆಗೆ ವಾಪಸ್ ಬಿಡ್ತಾರೆ” ಅಂದಳು.

“ಯಾಕೆ ಮಗಾ, ನಾನಿದ್ದೇನಲ್ಲ.”

“ನೀನು ಮನೆಯಲ್ಲಿ ಇದ್ದಿ. ಅವಳು ಐಪ್ಯಾಡಲ್ಲಿ ಇದ್ದಾಳೆ. ಇಡೀ ದಿನ ಹೀಗೇ ಆದ್ರೆ ಕಣ್ಣೆಂತ ಆಗ್ಬೇಕು?”

ವಾದಕ್ಕೆ ಎಡೆಯಿರಲಿಲ್ಲ. ಆದರೆ ಖಾಲಿ ಮನೆಯಲ್ಲಿ ಮೂರು ಗಂಟೆಯ ತನಕ ಏಸಿಯ ಜೊತೆ ಕೂರುವ ಚಿತ್ರ ಕಣ್ಣ ಮುಂದೆ ಬಂತು. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು: “ನಾನು ಅವಳಿಗೆ ಸಯನ್ಸ್ ಹೇಳಿಕೊಡ್ತೇನೆ. ಕಿಚನ್ ಸಯನ್ಸ್. ಈಗ ಎಲ್ಲ ಕಡೆ ಅದೇ ಅಲ್ವಾ?”

ಸುಜಾತ ನನ್ನನ್ನು ರವೆ ಚಹಾವನ್ನು ನೋಡುವ ಹಾಗೆ ನೋಡಿದಳು. “ಆಯ್ತಮ್ಮ, ಗುರುವಾರದ ತನಕ ನೋಡುವ. ಕ್ಯಾಂಪಿನವರು ಅಷ್ಟರೊಳಗೆ ಹೆಸರು ಕೊಡ್ಲಿಕ್ಕೆ ಹೇಳಿದ್ದಾರೆ. ಅವಳು ನಿನ್ನ ಜೊತೆ ಐಪ್ಯಾಡ್ ಬಿಟ್ಟು ಕೂತರೆ ಕ್ಯಾಂಪ್ ಬೇಡ.”

ಈಗ ನನ್ನ ಸಯನ್ಸಿನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕಲಿತದ್ದು ನನ್‌ಗಳು ನಡೆಸುತ್ತಿದ್ದ ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಬಟ್ಟೆಯಂಚಿನ ಹೆಮ್ಮಿಂಗ್ ಕಲಿಸಿದರು, ಜ್ವರ ಬಂದವರಿಗೆ ಕಸ್ಟರ್ಡ್ ಮಾಡುವುದನ್ನು ಕಲಿಸಿದರು, ಬಿಷಪ್ ಎದುರು ಹೇಗೆ ನಿಲ್ಲಬೇಕೆಂದು ಕಲಿಸಿದರು. ನನ್ನ ಜೀವಮಾನದಲ್ಲಿ ಯಾವ ಬಿಷಪ್ಪರೂ ನನ್ನ ಎದುರು ಬರಲಿಲ್ಲ, ಅದು ಬೇರೆ. ಸಯನ್ಸಿಗೆ ಒಂದು ಗಾಜಿನ ಕಪಾಟು ಇತ್ತು. ಅದರ ಕೀಲಿಕೈ ಸಿಸ್ಟರ್ ಎವ್ಲಿನ್ ಅವರ ಸೊಂಟದಲ್ಲಿ ಜಪಮಾಲೆಯ ಪಕ್ಕ ತೂಗುತ್ತಿತ್ತು. ಪ್ರಯೋಗದ ದಿನ ಹುಡುಗಿಯರೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಲಾಗಿ ನಿಲ್ಲಬೇಕು. “ಅಬ್ಸರ್ವ್, ಗರ್ಲ್ಸ್. ಡೂ ನಾಟ್ ಟಚ್” ಎನ್ನುತ್ತಾ ಸಿಸ್ಟರೇ ಎಲ್ಲವನ್ನೂ ಮಾಡಿ, ಎಲ್ಲವನ್ನೂ ಒರೆಸಿ, ಕಪಾಟಿನೊಳಗೆ ಇಟ್ಟು ಬೀಗ ಹಾಕುತ್ತಿದ್ದರು. ನಾನು ಕುಳ್ಳಿ, ಹಿಂದಿನ ಸಾಲು. ನನ್ನ ಸಯನ್ಸೆಂದರೆ ಫಿಲೋಮಿನಾ ಎಂಬ ಹುಡುಗಿಯ ಎರಡು ಜಡೆ. ಅದರಾಚೆ ಏನು ನಡೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೂ ಮಾತು ಕೊಟ್ಟಾಗಿತ್ತು. ಫೋನಿನಲ್ಲಿ ಹುಡುಕಿದೆ. ಉಗುರಿಗೆ ಸುಂದರವಾಗಿ ಬಣ್ಣ ಹಚ್ಚಿಕೊಂಡ ಒಬ್ಬ ಅಮೆರಿಕದ ಹೆಂಗಸು, ಒಂದು ತೊಟ್ಟೂ ಚೆಲ್ಲದೆ, ಅಡುಗೆಮನೆಯಲ್ಲಿ ಅಗ್ನಿಪರ್ವತ ಮಾಡುತ್ತಿದ್ದಳು. ವಿನಿಗರ್, ಬೇಕಿಂಗ್ ಸೋಡಾ, ಕೆಂಪು ಬಣ್ಣ, ಇಷ್ಟೇ. ಕೆಳಗಿನ ಬಕಾಲದ ಮೊಯ್ದುವಿಗೆ ಫೋನ್ ಮಾಡಿದೆ. ಬಕಾಲ ಎಂದರೆ ಇಲ್ಲಿ ಮೂಲೆಯ ದಿನಸಿ ಅಂಗಡಿ. ಮೊಯ್ದು ಮಂಜೇಶ್ವರದವನು, ನನ್ನ ಕನ್ನಡಕ್ಕೆ ಉತ್ತರ ಕೊಡುವ ಪುಣ್ಯಾತ್ಮ.

“ಎಂತ ಆಂಟಿ, ಎರಡು ಬಾಟ್ಲಿ ವಿನಿಗರ್? ಉಪ್ಪಿನಕಾಯಿ ಹಾಕ್ಲಿಕ್ಕಾ?”

“ಅಲ್ಲ ಮೊಯ್ದು, ಅಗ್ನಿಪರ್ವತ ಮಾಡ್ಲಿಕ್ಕೆ.”

ಅವನು ದನಿ ತಗ್ಗಿಸಿದ. “ಮನೆಯಲ್ಲಿ ಬೇರೆ ಯಾರಾದ್ರೂ ಇದ್ದಾರಾ ಆಂಟಿ?” ಅಂದ.

ಬೇಕಿಂಗ್ ಸೋಡಾ ಹೇಳಿದರೆ ಬೇಕಿಂಗ್ ಪೌಡರ್ ಕಳಿಸಿದ್ದ. ಎರಡೂ ಬಿಳಿ, ಎರಡರ ಹೆಸರಿನಲ್ಲೂ ಬೇಕಿಂಗ್ ಇದೆ, ಜಗಳ ಯಾಕೆ ಎಂದು ಅದನ್ನೇ ಹಾಕಿದೆ. ಪರ್ವತವನ್ನು ಚಪಾತಿ ಹಿಟ್ಟಿನಿಂದ ಮಾಡಿದ್ದೆ. ಅದು ಒಂದು ಕಡೆಗೆ ವಾಲಿ, ಉಗಿಯಲ್ಲಿಡಲು ಮರೆತ ಕಡುಬಿನ ಹಾಗೆ ಕೂತಿತ್ತು. ಆದ್ಯಾಳಿಗೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲಲು ಹೇಳಿ ನಾನೇ ವಿನಿಗರ್ ಸುರಿದೆ. ಒಳಗಿನಿಂದ ಸಣ್ಣ ಶಬ್ದ ಬಂತು, ಸ್ವಲ್ಪ ಕೆಂಪು ನೊರೆ ಇಣುಕಿ ನೋಡಿ ಒಳಗೆ ಹೋಯಿತು.

“ಅಜ್ಜಿ, ಇಟ್ ಬರ್ಪ್ಡ್” ಅಂದಳು ಆದ್ಯಾ. ಪರ್ವತ ತೇಗಿತಂತೆ. ಗೌರವದಿಂದ ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ, “ಕ್ಯಾನ್ ಐ ಗೋ ನೌ?”

ಮರುದಿನ ದ್ರಾಕ್ಷಿಯ ಕುಣಿತ. ಗಾಜಿನ ಲೋಟಕ್ಕೆ ಸೋಡಾ ಸುರಿದು ಒಣದ್ರಾಕ್ಷಿ ಹಾಕಿದರೆ ಅವು ಮೇಲೆ ಕೆಳಗೆ ಕುಣಿಯಬೇಕು. ನಮ್ಮ ಸೋಡಾ ಅಳಿಯ ಬಂದಾಗ ತೆರೆದದ್ದು, ಅದರ ಉಸಿರು ಹೋಗಿ ಎಷ್ಟು ದಿನವಾಗಿತ್ತೋ. ದ್ರಾಕ್ಷಿಗಳು ತಳದಲ್ಲಿ ಮಲಗಿದವು. ಆದ್ಯಾ ಲೋಟದ ಎದುರು ಕೂತು, “ದೇ ಆರ್ ಟೈರ್ಡ್, ಅಜ್ಜಿ” ಅಂದಳು. ಮಗುವಿಗೆ ಕರುಣೆ ಇದೆ, ತಾಯಿಯ ಹಾಗೇ. “ಇಟ್ಸ್ ಓಕೆ” ಎಂದು ನನ್ನ ಕೈ ತಟ್ಟಿ ಐಪ್ಯಾಡಿನ ಕಡೆ ಹೋದಳು. ಏಳು ವರ್ಷದವಳೂ ನನಗೆ ‘ಇರಲಿ’ ಹೇಳಲು ಶುರು ಮಾಡಿದ್ದಳು. ನಾನು ಸೋಡಾ ಕುಡಿದು, ದ್ರಾಕ್ಷಿ ತಿಂದೆ. ಪ್ರಯೋಗಶಾಲೆ ಸ್ವಚ್ಛವಾಯಿತು.

ಬುಧವಾರ ಬಂತು. ಸಂಜೆಗೆ ಸುಜಾತ ಕೇಳುತ್ತಾಳೆ, ಮರುದಿನ ಹೆಸರು ಕೊಡುತ್ತಾಳೆ. ಉಳಿದದ್ದು ಒಂದೇ ಬೆಳಗು. ಹಾಗಾಗಿ ಸೋಲಲು ಸಾಧ್ಯವೇ ಇಲ್ಲದ ಪ್ರಯೋಗವನ್ನು ಆರಿಸಿಕೊಂಡೆ. ಒಂದು ಬಾಟಲಿಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ಎರಡಕ್ಕೂ ಕೇಸರಿಬಾತಿನ ಬಣ್ಣ ಒಂದೊಂದು ಹನಿ. ಬಿಸಿನೀರಿನಲ್ಲಿ ಬಣ್ಣ ಬೇಗ ಹರಡುತ್ತದೆ, ತಣ್ಣೀರಿನಲ್ಲಿ ನಿಧಾನ. ನೀರು, ಬಣ್ಣ, ಅಷ್ಟೇ. ಮೊಯ್ದುವಿನ ಕೈವಾಡಕ್ಕೂ ಅವಕಾಶವಿಲ್ಲ.

ಉಪ್ಪಿನಕಾಯಿಯ ಎರಡು ಖಾಲಿ ಬಾಟಲಿ ತೊಳೆದು, ಒಂದಕ್ಕೆ ಹಾಟ್, ಇನ್ನೊಂದಕ್ಕೆ ಕೋಲ್ಡ್ ಎಂದು ಚೀಟಿ ಅಂಟಿಸಿದೆ. ಕಾನ್ವೆಂಟ್ ಅಕ್ಷರ, ಈಗಲೂ ಮುತ್ತಿನ ಹಾಗಿದೆ. ಅಡುಗೆಮನೆಯ ಸಿಂಕಿನಲ್ಲಿ ಕೆಂಪು ಗುರುತಿನ ನಲ್ಲಿ ಒಂದು, ನೀಲಿ ಗುರುತಿನದು ಒಂದು. ಹಿಡಿಯಿರುವ ಪ್ಲಾಸ್ಟಿಕ್ ಮಗ್ಗಿನಲ್ಲಿ ಕೆಂಪಿನಿಂದ ಹಿಡಿದು ಹಾಟ್ ಬಾಟಲಿಗೆ, ನೀಲಿಯಿಂದ ಹಿಡಿದು ಕೋಲ್ಡ್ ಬಾಟಲಿಗೆ ಸುರಿದೆ. “ಡೂ ನಾಟ್ ಟಚ್” ಎಂದು ಆದ್ಯಾಳಿಗೆ ನೆನಪಿಸಿದೆ. ನಾನೂ ಮುಟ್ಟಲಿಲ್ಲ. ನಿಯಮ ಎಂದರೆ ನಿಯಮ.

“ನೌ ಅಬ್ಸರ್ವ್, ಚೈಲ್ಡ್. ಇನ್ ದಿ ಹಾಟ್ ವಾಟರ್, ದಿ ಕಲರ್ ವಿಲ್ ಹರ್ರಿ” ಎಂದು ತುಟಿ ಚೂಪು ಮಾಡಿ ಹೇಳಿ ಬಣ್ಣ ಬಿಟ್ಟೆ.

ಹಾಟ್ ಬಾಟಲಿಯಲ್ಲಿ ಬಣ್ಣದ ಹನಿ ಆರಾಮಾಗಿ ಎಳೆ ಎಳೆಯಾಗಿ ಇಳಿಯಿತು, ಪಿಂಚಣಿ ಬಂದವರು ವಾಕಿಂಗ್ ಹೋಗುವ ಹಾಗೆ. ಕೋಲ್ಡ್ ಬಾಟಲಿಯಲ್ಲಿ ಬಸ್ಸು ತಪ್ಪಿದವರ ಹಾಗೆ ಎಲ್ಲ ಕಡೆಗೂ ನುಗ್ಗಿತು. ನಾನು ಕನ್ನಡಕ ಒರೆಸಿದೆ. ಎರಡನ್ನೂ ಚೆಲ್ಲಿ, ಮೊದಲಿನಿಂದ ಮಾಡಿದೆ. ಮತ್ತೆ ಹಾಗೇ. ಸೃಷ್ಟಿಯ ನಿಯಮವೇ ಸಮುದ್ರ ದಾಟಿ ಬರುವಾಗ ತಿರುವುಮುರುವಾಯಿತೇ ಎಂದು ಒಂದು ಕ್ಷಣ ನಿಜವಾಗಿ ಅನ್ನಿಸಿತು.

ಆದ್ಯಾ ಬೆನ್ನ ಹಿಂದಿನ ಕೈ ಬಿಚ್ಚಿದಳು. ನೇರ ಬಂದು ಎರಡು ಬಾಟಲಿಗೂ ಅಂಗೈ ಇಟ್ಟಳು.

“ಅಜ್ಜಿ, ಯು ಡಿಡ್ ಇಟ್ ರಾಂಗ್.”

“ಎಂತ ರಾಂಗ್?”

“ಸಮ್ಮರಲ್ಲಿ ರೆಡ್ ಈಸ್ ಕೋಲ್ಡ್. ಬ್ಲೂ ಈಸ್ ಹಾಟ್. ಎವ್ರಿಬಡಿ ನೋಸ್ ದಟ್.”

ನಿಜವಾಗಿ ಎಲ್ಲರಿಗೂ ಗೊತ್ತು. ಈ ಊರಿನ ಬೇಸಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಬರುವುದು ಟೆರೇಸಿನ ಟ್ಯಾಂಕಿನಲ್ಲಿ ಕಾದ ನೀರು. ಅದಕ್ಕೇ ಬಿಸಿಲು ಏರಿದ ಕೂಡಲೇ ಮನೆಮನೆಯಲ್ಲಿ ಗೀಸರಿನ ಸ್ವಿಚ್ ಆಫ್ ಮಾಡುತ್ತಾರೆ. ಗೀಸರ್ ಮನೆಯೊಳಗೆ ಏಸಿಯ ತಂಪಿನಲ್ಲಿರುವುದರಿಂದ ಅದರ ಹೊಟ್ಟೆಯ ನೀರು ತಣ್ಣಗಾಗುತ್ತದೆ. ತಣ್ಣೀರು ಬೇಕಾದವರು ಬಿಸಿನೀರಿನ ನಲ್ಲಿ ತಿರುಗಿಸಬೇಕು. ಮೇ ತಿಂಗಳಲ್ಲಿ ಸುಜಾತ ನನಗಿದನ್ನು ತೋರಿಸಿಕೊಟ್ಟಿದ್ದಳು. ದಿನಾ ಪಾತ್ರೆ ತೊಳೆಯುವಾಗ ನನ್ನ ಕೈ ತಾನಾಗಿ ಕೆಂಪು ನಲ್ಲಿಗೇ ಹೋಗುತ್ತಿತ್ತು. ನನ್ನ ಕೈಗೆ ಗೊತ್ತಿತ್ತು. ಸಯನ್ಸ್ ಎಂದ ಕೂಡಲೇ ಕೈಯನ್ನು ಬೆನ್ನ ಹಿಂದೆ ಕಟ್ಟಿ, ತಲೆಯನ್ನು ಕಾನ್ವೆಂಟಿಗೆ ಕಳಿಸಿದ್ದೆ, ಅಷ್ಟೇ.

“ಯು ಡಿಡ್ ಇಟ್ ಕಂಪ್ಲೀಟ್ಲಿ ರಾಂಗ್” ಎಂದು ಆದ್ಯಾ ಇನ್ನೊಮ್ಮೆ ಹೇಳಿದಳು. ಅವಳ ಮುಖದಲ್ಲಿ ಮೊದಲ ಸಲ ಬೆಳಕು ಬಂದಿತ್ತು. ನನಗೆ ಏನಾಯಿತೆಂದು ಹೇಗೆ ಹೇಳಲಿ. ಎಷ್ಟೋ ತಿಂಗಳ ನಂತರ ಒಬ್ಬರು ನನ್ನ ಮುಖಕ್ಕೆ ಹೊಡೆದ ಹಾಗೆ ತಪ್ಪು ಎಂದಿದ್ದರು. ಸೊಂಟಕ್ಕೆ ಕೈ ಇಟ್ಟುಕೊಂಡು, ಕರುಣೆ ಇಲ್ಲದೆ, ಥೇಟ್ ಅವಳ ಅಜ್ಜನ ಹಾಗೆ. ನನ್ನ ಕಣ್ಣಲ್ಲಿ ನೀರು ಬಂತು. ಬಿಸಿನೀರೋ ತಣ್ಣೀರೋ ಪರೀಕ್ಷಿಸಲಿಲ್ಲ.

“ಹಾಗಾದ್ರೆ ಬಾತ್‌ರೂಮಿನ ನಲ್ಲಿ?” ಅಂದೆ.

“ಲೆಟ್ಸ್ ಚೆಕ್.”

ಅಲ್ಲಿಂದ ಮುಂದೆ ಆ ಬೆಳಗು ನಮ್ಮ ಕೈಯಲ್ಲಿ ಇರಲಿಲ್ಲ. ಮದ್ದಿನ ಡಬ್ಬಿಯಿಂದ ಜ್ವರ ನೋಡುವ ಥರ್ಮಾಮೀಟರ್ ತೆಗೆದುಕೊಂಡು ಮನೆಯ ಒಂದೊಂದು ನಲ್ಲಿಗೂ ವಿಸಿಟ್ ಕೊಟ್ಟೆವು. ಡಾಕ್ಟರ್ ಆದ್ಯಾ, ನರ್ಸ್ ನಾನು. ಬಾಲ್ಕನಿಯ ನಲ್ಲಿಯ ನೀರಿಗೆ ಥರ್ಮಾಮೀಟರ್ ಹೆದರಿ ‘ಹೈ’ ಎಂದು ತೋರಿಸಿ ಕೂಗಿಕೊಂಡಿತು. ಗೀಸರಿನ ನೀರಿಗೆ ‘ಲೋ’ ಅಂದಿತು. “ಅಜ್ಜಿ, ಬ್ಲೂ ನಲ್ಲಿಗೆ ಜ್ವರ” ಅಂದಳು ಆದ್ಯಾ, ಪೂರ್ತಿ ಕನ್ನಡದಲ್ಲಿ, ಬ್ಲೂ ಒಂದು ಬಿಟ್ಟು. ಎರಡೂ ನಲ್ಲಿಯ ನೀರು ಬೆರೆಸಿ, ಇದಕ್ಕೆ ಉಗುರುಬೆಚ್ಚಗೆ ಅನ್ನುತ್ತಾರೆ ಎಂದು ಹೇಳಿಕೊಟ್ಟೆ. ಉಗುರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ಇಬ್ಬರೂ ಉಗುರುಗಳನ್ನು ಅದ್ದಿಕೊಂಡು ಕಾದೆವು. ಮಧ್ಯಾಹ್ನದ ಊಟಕ್ಕೆ ಹೊತ್ತು ಮೀರಿತ್ತು, ನನ್ನ ಸೀರೆಯ ಅಂಚು ಒದ್ದೆ, ಹಾಲ್‌ನಲ್ಲಿ ಹೆಜ್ಜೆ ಹೆಜ್ಜೆಗೆ ನೀರು. ಐಪ್ಯಾಡ್ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಸಂಜೆ ಸುಜಾತ ಬಂದು ಬ್ಯಾಗ್ ಇಡುವ ಮೊದಲೇ ಆದ್ಯಾ ಅವಳ ಕೈಹಿಡಿದು ಮನೆಯ ನಲ್ಲಿಗಳನ್ನೆಲ್ಲ ತೋರಿಸಿ ತಂದಳು. ಸುಜಾತ ಅಡುಗೆಮನೆಗೆ ಬಂದು ಕೂದಲು ಮೇಲೆ ಕಟ್ಟುತ್ತಾ, “ಅಮ್ಮ, ನಾನು ಸೋತೆ. ಅವಳಿಗೆ ಇದರಲ್ಲಿ ಇಷ್ಟು ಇಂಟರೆಸ್ಟ್ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ” ಅಂದಳು. ನಾನು ಹೆಮ್ಮೆಯಿಂದ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯುವ ಹೊತ್ತಿಗೆ ಅವಳು ಮುಂದುವರಿಸಿದಳು. “ಒಂದು ವಿಷಯ ಹೇಳ್ತೇನೆ. ಕ್ಯಾಂಪಿನವರದ್ದು ಈ ಸಲ ಸಯನ್ಸ್ ಬ್ಯಾಚ್ ಬೇರೆ ಉಂಟಂತೆ. ಮೈಕ್ರೋಸ್ಕೋಪ್ ಎಲ್ಲ ಮಕ್ಕಳ ಕೈಗೇ ಕೊಡ್ತಾರಂತೆ. ಆದ್ರೆ ನಿನ್ನ ಜೊತೆ ಇಷ್ಟು ಖುಷಿಯಲ್ಲಿದ್ದಾಳೆ. ಮಾತು ಕೊಟ್ಟ ಮೇಲೆ ಮುಗೀತು. ನೀನು ಹೇಗೆ ಹೇಳ್ತೀಯೋ ಹಾಗೆ.”

ಬಾಗಿಲಲ್ಲಿ ಆದ್ಯಾ ನಿಂತಿದ್ದಳು. ಮೈಕ್ರೋಸ್ಕೋಪ್ ಎಂಬ ಶಬ್ದ ಕೇಳಿ ಅವಳ ಕಣ್ಣು ದೊಡ್ಡದಾದದ್ದನ್ನು ನಾನು ನೋಡಿದೆ. ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದರೆ ಅವಳು ನನ್ನ ಜೊತೆ ಇರುತ್ತಿದ್ದಳು, ಬೇಜಾರೂ ತೋರಿಸುತ್ತಿರಲಿಲ್ಲ. ಅಷ್ಟು ಒಳ್ಳೆಯ ಹುಡುಗಿ. ನಾನು ಬೇಕಾದರೆ ಅವಳನ್ನು ಎರಡು ತಿಂಗಳು ನನ್ನ ಬಾಟಲಿಗಳ ಎದುರು ನಿಲ್ಲಿಸಿಕೊಳ್ಳಬಹುದಿತ್ತು.

“ಆಫ್ ಕೋರ್ಸ್ ಶಿ ಮಸ್ಟ್ ಗೋ” ಅಂದೆ. ಇಂಥ ಸಂದರ್ಭಕ್ಕೆ ನನಗೆ ಇಂಗ್ಲಿಷೇ ಅನುಕೂಲ. ಆ ಭಾಷೆಯಲ್ಲಿ ನನಗೆ ಅಳಲು ಬರುವುದಿಲ್ಲ, ಸಿಸ್ಟರ್‌ಗಳು ಕಲಿಸಲಿಲ್ಲ.

“ನಿನಗೆ ಬೇಜಾರಾಗುದಿಲ್ವಾ ಅಮ್ಮ?”

“ಡೋಂಟ್ ಬಿ ಸಿಲ್ಲಿ. ನನಗೆ ಎಷ್ಟು ಕೆಲಸ ಉಂಟು.”

ಹೀಗೆ, ಕ್ಯಾಂಪಿಗೆ ಕಳಿಸಬಾರದೆಂದು ಸಯನ್ಸ್ ಹೇಳಿಕೊಟ್ಟು, ಸಯನ್ಸ್ ಹೇಳಿಕೊಟ್ಟದ್ದರಿಂದಲೇ ಕ್ಯಾಂಪಿಗೆ ಕಳಿಸಿದ ಅಜ್ಜಿ ನಾನು. ಮೊದಲ ದಿನ ಕೆಳಗಿನ ತನಕ ಹೋಗಿ ವ್ಯಾನ್ ಹತ್ತಿಸಿದೆ. ಮೇಲೆ ಬಂದು ನನ್ನ ಎಷ್ಟೋ ಕೆಲಸಗಳನ್ನು ಶುರು ಮಾಡಿದೆ. ಒಣಗಿದ ಬಟ್ಟೆ ಮಡಚಿದೆ. ಚೆನ್ನಾಗಿ ಮಡಚಿರಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದೆ. ಲಿಫ್ಟಿನ ಶಬ್ದ ಕೇಳಿದಾಗಲೆಲ್ಲ ಬಾಗಿಲ ಕಣ್ಣಿನಿಂದ ನೋಡಿದೆ. ಒಮ್ಮೆ ಯಾರೋ ಪಾರ್ಸೆಲ್ ತಂದವನು ಬೇರೆ ಮನೆಯ ನಂಬರ್ ಹುಡುಕುತ್ತಿದ್ದ. ಅವನಿಗೆ ನನಗೆ ಬರುವ ಹಿಂದಿಯಲ್ಲಿ ದಾರಿ ಹೇಳಿದೆ, ಆ ಮನೆಯವರು ಊರಿಗೆ ಹೋದದ್ದು, ಯಾವಾಗ ಬರುತ್ತಾರೆಂಬುದು, ಅವರ ಹಿರಿಯ ಮಗನಿಗೆ ಪರೀಕ್ಷೆಯಲ್ಲಿ ಎಷ್ಟು ಬಂತೆಂಬುದು ಎಲ್ಲವನ್ನೂ ಹೇಳಿದೆ. ಅವನು “ಖಲಾಸ್, ಮಾತಾಜಿ” ಎಂದು ಮೆಟ್ಟಿಲಲ್ಲೇ ಇಳಿದು ಹೋದ. ಲಿಫ್ಟಿಗೆ ಕಾಯಲಿಲ್ಲ.

ಕ್ಯಾಂಪ್ ಶುರುವಾಗಿ ಕೆಲವು ದಿನಗಳಾದ ಮೇಲೆ ಒಂದು ಸಂಜೆ ಆದ್ಯಾ ಹಾಲು ಕುಡಿಯುತ್ತಾ ಹೇಳಿದಳು, ಇವತ್ತು ಅಲ್ಲಿಯೂ ಬಣ್ಣದ ಪ್ರಯೋಗ ಮಾಡಿಸಿದರಂತೆ. ಮಿಸ್ ಕೆಟಲಿನಲ್ಲಿ ನೀರು ಕಾಯಿಸಿದರು, ಐಸ್ ತಂದರು. ಬಿಸಿನೀರಿನಲ್ಲಿ ಬೇಗ, ತಣ್ಣೀರಿನಲ್ಲಿ ನಿಧಾನ.

“ಮತ್ತೆ? ಚೆನ್ನಾಗಿತ್ತಾ?”

ಅವಳು ಹಾಲಿನ ಮೀಸೆ ಒರೆಸಿಕೊಂಡು ಯೋಚಿಸಿದಳು. “ಮೈಕ್ರೋಸ್ಕೋಪ್ ಈಸ್ ನೈಸ್. ಬಟ್ ದಟ್ ವನ್ ವಾಸ್ ಬೋರಿಂಗ್, ಅಜ್ಜಿ. ಇಟ್ ಕೇಮ್ ರೈಟ್. ಮಿಸ್ ನೆವರ್ ಡಸ್ ಇಟ್ ರಾಂಗ್.” ಸ್ವಲ್ಪ ತಡೆದು, “ನೀನು ನಾಳೆ ಮಾಡ್ತೀಯಾ? ನಾನು ಬಂದ ಮೇಲೆ?” ಅಂದಳು. ಕನ್ನಡದಲ್ಲಿ.

ಅಂದಿನಿಂದ ನನಗೆ ಒಂದು ಉದ್ಯೋಗ ಸಿಕ್ಕಿದೆ. ಬೆಳಗಿನಿಂದ ಮೂರು ಗಂಟೆಯ ತನಕ ಕೂತು ಯಾವ ತಪ್ಪು ಮಾಡುವುದೆಂದು ಯೋಚಿಸುವುದು. ಇದು ಹೊರಗಿನವರು ತಿಳಿದಷ್ಟು ಸುಲಭವಲ್ಲ. ತಾನಾಗಿ ಆದ ತಪ್ಪಿಗೆ ಇರುವ ಕಳೆ ಮಾಡಿದ ತಪ್ಪಿಗೆ ಬರುವುದಿಲ್ಲ, ಮಗುವಿಗೆ ಕೂಡಲೇ ವಾಸನೆ ಹತ್ತುತ್ತದೆ. ನಿನ್ನೆ ಮೊಟ್ಟೆ ತೇಲಿಸುವ ಪ್ರಯೋಗ. ನೀರಿಗೆ ತುಂಬ ಉಪ್ಪು ಕದಡಿದರೆ ಹಸಿ ಮೊಟ್ಟೆ ತೇಲುತ್ತದೆಂದು ಫೋನಿನಲ್ಲಿ ಇತ್ತು. ನಾನು ಬಹಳ ಮುಂದಾಲೋಚನೆಯಿಂದ ಉಪ್ಪಿನ ಡಬ್ಬಿಯ ಬದಲು ಸಕ್ಕರೆಯ ಡಬ್ಬಿ ತೆಗೆದುಕೊಂಡೆ. ಏನೂ ಗೊತ್ತಿಲ್ಲದವಳ ಹಾಗೆ ಚಮಚದ ಮೇಲೆ ಚಮಚ ಹಾಕಿದೆ. ಆದ್ಯಾ ಕ್ಯಾಂಪಿನ ಟೀಶರ್ಟಿನಲ್ಲೇ ಸ್ಟೂಲ್ ಹತ್ತಿ, ಸೊಂಟಕ್ಕೆ ಕೈ ಇಟ್ಟುಕೊಂಡು ಸಿದ್ಧಳಾಗಿ ನಿಂತಿದ್ದಳು. ಮೊಟ್ಟೆ ಬಿಟ್ಟೆ. ಅದು ತಳಕ್ಕೆ ಹೋದಂತೆ ನಟಿಸಿ, ಮನಸ್ಸು ಬದಲಾಯಿಸಿ, ಮೇಲೆ ಬಂದು ಬೋಳುತಲೆ ತೋರಿಸಿ ತೇಲುತ್ತಾ ನಿಂತಿತು. ಸಕ್ಕರೆ ನೀರಿನಲ್ಲೂ ಮೊಟ್ಟೆ ತೇಲುತ್ತದೆಂದು ನನಗೆ ಯಾರು ಹೇಳಬೇಕಿತ್ತು?

ಆದ್ಯಾ ಬೆರಳು ಅದ್ದಿ ನೆಕ್ಕಿದಳು. ಸಕ್ಕರೆ ಎಂದು ಗೊತ್ತಾಯಿತು. ಮೊಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಸ್ಟೂಲಿನಿಂದ ಇಳಿದು ನನ್ನ ಬೆನ್ನು ಸವರಿದಳು.

“ಇಟ್ಸ್ ಓಕೆ, ಅಜ್ಜಿ. ಟುಮಾರೋ ಯು ವಿಲ್ ಗೆಟ್ ಇಟ್ ರಾಂಗ್.”

ಈ ವಯಸ್ಸಿನಲ್ಲಿ ನನ್ನ ಮೇಲೆ ಇಷ್ಟು ಭರವಸೆ ಇಟ್ಟವರು ಬೇರೆ ಯಾರೂ ಇಲ್ಲ. ಮಗುವಿಗೆ ನಿರಾಸೆಯಾಗಬಾರದು ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಇನ್ನೂ ಒಂದು ಒಳ್ಳೆಯ ತಪ್ಪು ಹೊಳೆದಿಲ್ಲ.